ಕೊಚ್ಚಿಯ ಮೆಣಸು, ಬರಿದಾದ ಗೋರಿ

ಮೆಣಸಿನ ವ್ಯಾಪಾರದಲ್ಲಿ ನಾಲ್ಕು ದಶಕ ಕಳೆದ ನನಗೆ ಕೊಚ್ಚಿಯ ಹೆಸರು ಮೊದಲು ಪರಿಚಯವಾದದ್ದು ಚರಿತ್ರೆಯ ಪುಸ್ತಕದಿಂದಲ್ಲ, ದರ ತಿಳಿಸುವ ತಂತಿಯಿಂದ. ಆ ಊರನ್ನು ಕಣ್ಣಾರೆ ನೋಡುವ ಯೋಗ ಒದಗಿದ್ದು ಅಂಗಡಿಯ ಭಾರವನ್ನು ಮಕ್ಕಳಿಗೆ ವಹಿಸಿದ ಮೇಲೆಯೇ.

ಕೋಟೆ ಕೊಚ್ಚಿಯ ಸಂತ ಫ್ರಾನ್ಸಿಸ್ ಚರ್ಚು ಪೋರ್ಚುಗೀಸರು 1503ರಲ್ಲಿ ಮರದಿಂದ ಕಟ್ಟಿದ ಪ್ರಾರ್ಥನಾಮಂದಿರದ ಉತ್ತರಾಧಿಕಾರಿ. 1663ರಲ್ಲಿ ಅದು ಡಚ್ಚರ ಕೈಸೇರಿತು, 1795ರ ನಂತರ ಇಂಗ್ಲಿಷರದಾಯಿತು. ಒಂದೇ ದೇವರನ್ನು ನಂಬಿದವರು ಒಬ್ಬರನ್ನೊಬ್ಬರು ಹೊರದೂಡಿದ ಕಥೆ ಅದು. ಒಳಗೆ, ನೆಲಮಟ್ಟದಲ್ಲಿ, ವಾಸ್ಕೋ ಡ ಗಾಮನ ಸಮಾಧಿಯ ಕಲ್ಲಿದೆ. 1524ರಲ್ಲಿ ಈ ಊರಿನಲ್ಲೇ ಆತ ತೀರಿಕೊಂಡ. ಕೆಲವು ವರ್ಷಗಳ ಬಳಿಕ ಅವನ ಅಸ್ಥಿಗಳನ್ನು ಪೋರ್ಚುಗಲ್ಲಿಗೆ ಒಯ್ದರು. ಈಗಿರುವುದು ಬರಿದಾದ ಗೋರಿ. ಪ್ರವಾಸಿಗರು ಅದರ ಚಿತ್ರ ತೆಗೆದುಕೊಳ್ಳುತ್ತಿದ್ದರು.

ನನಗೆ ಅಲ್ಲಿ ನೆನಪಾದದ್ದು 1502. ಮೆಕ್ಕಾ ಯಾತ್ರೆಯಿಂದ ಮರಳುತ್ತಿದ್ದ ನೂರಾರು ಜನರ ಹಡಗೊಂದನ್ನು ಮಲಬಾರದ ಕಡಲಲ್ಲಿ ಗಾಮ ತಡೆದ. ಹಡಗಿನಲ್ಲಿದ್ದ ವರ್ತಕರು ಪ್ರಾಣಕ್ಕೆ ಬದಲಾಗಿ ಧನ ಕೊಡಲು ಸಿದ್ಧರಿದ್ದರು. ಆತ ಸರಕನ್ನು ದೋಚಿ, ಹೆಂಗಸರು ಮಕ್ಕಳೆನ್ನದೆ ಹಡಗನ್ನು ಸುಟ್ಟ. ಅದೇ ವರ್ಷ ಕೊಚ್ಚಿಗೆ ಬಂದಾಗ ಇಲ್ಲಿಯವರು ಅವನಿಗೆ ಮೆಣಸು ತೂಗಿಕೊಟ್ಟರು. ಕಲ್ಲಿಕೋಟೆಯ ಸಾಮೂತಿರಿಯ ಪ್ರಾಬಲ್ಯವನ್ನು ತಗ್ಗಿಸಬೇಕೆಂಬುದು ಕೊಚ್ಚಿಯ ರಾಜನ ಲೆಕ್ಕಾಚಾರವಾಗಿತ್ತು, ಲಾಭವೂ ಇತ್ತು. ನಮ್ಮ ಗೇರುಸೊಪ್ಪೆಯ ಜೈನ ರಾಣಿ ಚೆನ್ನಭೈರಾದೇವಿಯನ್ನು ಅದೇ ಶತಮಾನದಲ್ಲಿ ಮೆಣಸಿನ ರಾಣಿಯೆಂದು ಕರೆದ ಪೋರ್ಚುಗೀಸರು ಆಕೆಯೊಡನೆ ಕಾದಿಯೂ ಇದ್ದರು, ವ್ಯಾಪಾರವನ್ನೂ ನಡೆಸಿದ್ದರು.

ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ತದಾಹೃತಾದಾನವೂ ಒಂದು. ಕದ್ದು ತಂದದ್ದನ್ನು ಕೊಳ್ಳುವುದು. ಸ್ವತಃ ಕದಿಯದವನನ್ನೂ ಶಾಸ್ತ್ರಕಾರರು ಇಲ್ಲಿ ಹಿಡಿದು ನಿಲ್ಲಿಸಿದ್ದಾರೆ. ದೋಚಿದವನ ಕೈಯಿಂದ ಬೆಲೆ ಪಡೆದವನನ್ನು ಯಾವ ಸಾಲಿನಲ್ಲಿ ನಿಲ್ಲಿಸಬೇಕು? ಕೊಚ್ಚಿಯವರನ್ನು ತೂಗಲು ಹೊರಟ ನಾನೇ 1987ರಲ್ಲಿ ಅಪರಿಚಿತನೊಬ್ಬ ಲಾರಿಯಲ್ಲಿ ತಂದ ಮೆಣಸನ್ನು ಪೇಟೆಯ ದರಕ್ಕಿಂತ ಕಡಿಮೆಗೆ ಕೊಂಡಿದ್ದೆ. ಬಿಲ್ಲು ಕೇಳಲಿಲ್ಲ. ಕೇಳಿದ್ದರೆ ಆತ ಮುಂದಿನ ಅಂಗಡಿಗೆ ಹೋಗುತ್ತಿದ್ದ.

ಮಟ್ಟಾಂಚೇರಿಯ ಯಹೂದಿಗಳ ಸಿನಗಾಗ್ 1568ರದು. ರಾಜನು ತನ್ನ ಅರಮನೆಯ ಪಕ್ಕದಲ್ಲೇ ನೆಲ ಕೊಟ್ಟದ್ದರಿಂದ ಅರಮನೆಯ ಭಗವತಿ ದೇವಾಲಯಕ್ಕೂ ಅದಕ್ಕೂ ನೆರೆಹೊರೆಯ ಸಂಬಂಧ. 1662ರಲ್ಲಿ ಪೋರ್ಚುಗೀಸರು ಅದನ್ನು ಹಾಳುಗೆಡವಿದರು, ಡಚ್ಚರ ಕಾಲದಲ್ಲಿ ಮತ್ತೆ ಎದ್ದಿತು. ಹದಿನೆಂಟನೆಯ ಶತಮಾನದಲ್ಲಿ ಗಡಿಯಾರ ಗೋಪುರ ಕಟ್ಟಿಸಿದ ಎಝೆಕಿಯೆಲ್ ರಾಹಬಿ ಡಚ್ ಕಂಪನಿಯ ದೊಡ್ಡ ವರ್ತಕ. ಗಡಿಯಾರದ ಮುಖಗಳಲ್ಲಿ ಹೀಬ್ರೂ, ರೋಮನ್, ಮಲಯಾಳ ಅಂಕಿಗಳಿವೆ. ಯಾರ ಓದಿಗೂ ಕೊರತೆಯಾಗದಂತೆ. ಆದರೆ ಆ ಕಂಪನಿಯೂ ಮೆಣಸನ್ನು ತಾನೇ ನಿಗದಿಮಾಡಿದ ದರಕ್ಕೆ ಕೊಳ್ಳುವ ಏಕಸ್ವಾಮ್ಯ ಬಯಸಿದ್ದೇ. ಗೋಪುರದ ಚೆಲುವಿಗೆ ಸಂದ ಹಣದಲ್ಲಿ ಬೆಳೆಗಾರನ ಪಾಲೆಷ್ಟು ಹೋಗಿರಬಹುದೆಂಬ ಯೋಚನೆ ನನ್ನನ್ನು ಬಿಡಲಿಲ್ಲ. ನೆಲಕ್ಕೆ ಹಾಸಿದ ಚೀನೀ ಬಿಲ್ಲೆಗಳ ಮೇಲೆ ಪಾದರಕ್ಷೆ ಕಳಚಿ ನಡೆದೆವು. 1948ರ ನಂತರ ಆ ಸಮುದಾಯದ ಬಹುಪಾಲು ಇಸ್ರೇಲಿಗೆ ಹೊರಟುಹೋಯಿತು.

ಅಲ್ಲಿಂದ ಗುಜರಾತಿ ಬೀದಿಗೆ ಬಂದು ಶ್ರೀ ಧರ್ಮನಾಥರ ದೇವಾಲಯದಲ್ಲಿ ದರ್ಶನ ಮಾಡಿದೆವು. ಶ್ವೇತಾಂಬರ ಬಂಧುಗಳು ನಡೆಸುವ ಆಲಯ. ನಮ್ಮನ್ನು ದಿಗಂಬರರೆಂದು ಬೇರೆಯಾಗಿ ಕಾಣಲಿಲ್ಲ. ಮಧ್ಯಾಹ್ನ ಅಂಗಳದಲ್ಲಿ ಪಾರಿವಾಳಗಳಿಗೆ ಕಾಳು ಚೆಲ್ಲುವ ವಾಡಿಕೆಯಿದೆ. ನಾನೂ ಒಂದು ಹಿಡಿ ಚೆಲ್ಲಿದೆ. ಹೊರಗೆ ಬಂದಾಗ ಉಗ್ರಾಣದ ಮುಂದೆ ಹಮಾಲರು ಚೀಲ ಇಳಿಸುತ್ತಿದ್ದರು. ಗಾಳಿಯಲ್ಲಿ ಮೆಣಸಿನ ಘಾಟು. ಅಭ್ಯಾಸಬಲದಿಂದ ಒಬ್ಬನನ್ನು ದರ ಕೇಳಿದೆ. ಅನಂತರ ತುಸು ತಡೆದು, ಸರಕು ಯಾವ ಊರಿನದೆಂದೂ ಕೇಳಿದೆ.