ಸ್ವಯಂಸೇವಕ ಅಗ್ನಿಶಾಮಕರು ಹಾಗೂ ಆಂಬುಲೆನ್ಸ್ ಸೇವಕರಿಗೆ ಆಸ್ತಿ ತೆರಿಗೆ ವಿನಾಯಿತಿ: ಅಮೆರಿಕದ ನ್ಯೂಯಾರ್ಕ್ ರಾಜ್ಯದ ವ್ಯವಸ್ಥೆ

1. ಪೀಠಿಕೆ

ಕರ್ನಾಟಕದಲ್ಲಿ ಅಗ್ನಿಶಾಮಕ ಸೇವೆಯನ್ನು ರಾಜ್ಯ ಸರ್ಕಾರದ ಇಲಾಖೆಯು ವೇತನ ಪಡೆಯುವ ಸಿಬ್ಬಂದಿಯ ಮೂಲಕ ಒದಗಿಸುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನದ ಬಹುತೇಕ ಸಣ್ಣ ಪಟ್ಟಣ ಹಾಗೂ ಗ್ರಾಮಾಂತರ ಪ್ರದೇಶಗಳಲ್ಲಿ ಇದೇ ಕಾರ್ಯವನ್ನು ಸ್ಥಳೀಯ ನಿವಾಸಿಗಳು ಸ್ವಯಂಸೇವಕರಾಗಿ ನಿರ್ವಹಿಸುತ್ತಾರೆ. ಬೆಂಜಮಿನ್ ಫ್ರಾಂಕ್ಲಿನ್ ಅವರು 1736ರಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ಸ್ಥಾಪಿಸಿದ ಯೂನಿಯನ್ ಅಗ್ನಿಶಾಮಕ ಸಂಘವು ಈ ಪರಂಪರೆಯ ಆರಂಭಿಕ ಸಂಸ್ಥೆಗಳಲ್ಲಿ ಒಂದಾಗಿದೆ.

ಆ ದೇಶದ ರಾಷ್ಟ್ರೀಯ ಅಗ್ನಿ ಸಂರಕ್ಷಣಾ ಸಂಘದ ಅಂದಾಜಿನಂತೆ 1984ರಲ್ಲಿ 8,97,750 ಇದ್ದ ಸ್ವಯಂಸೇವಕ ಅಗ್ನಿಶಾಮಕರ ಸಂಖ್ಯೆಯು 2020ರಲ್ಲಿ 6,76,900ಕ್ಕೆ ಇಳಿದಿತ್ತು. ಆದಾಗ್ಯೂ 2020ರಲ್ಲಿ ಒಟ್ಟು ಅಗ್ನಿಶಾಮಕರ ಪೈಕಿ ಶೇಕಡ 65ರಷ್ಟು ಮಂದಿ ಸ್ವಯಂಸೇವಕರೇ ಆಗಿದ್ದರು. ಸ್ವಯಂಸೇವಕರು ದೊರೆಯದಿದ್ದಲ್ಲಿ ಸ್ಥಳೀಯ ಸಂಸ್ಥೆಯು ವೇತನ ನೀಡಿ ಸಿಬ್ಬಂದಿಯನ್ನು ನೇಮಿಸಬೇಕಾಗುತ್ತದೆ. ಆ ವೆಚ್ಚವು ಅಂತಿಮವಾಗಿ ಆಸ್ತಿ ತೆರಿಗೆಯ ಮೇಲೆಯೇ ಬೀಳುತ್ತದೆ. ಸ್ವಯಂಸೇವಕರನ್ನು ಸೇವೆಯಲ್ಲಿ ಉಳಿಸಿಕೊಳ್ಳುವ ಉದ್ದೇಶದಿಂದ ಹಲವು ರಾಜ್ಯಗಳು ಆಸ್ತಿ ತೆರಿಗೆ ವಿನಾಯಿತಿಗೆ ಅವಕಾಶ ಕಲ್ಪಿಸಿವೆ.

2. ಕಾನೂನಿನ ಸ್ವರೂಪ

ನ್ಯೂಯಾರ್ಕ್ ರಾಜ್ಯದಲ್ಲಿ ಈ ವಿನಾಯಿತಿಯು ಮೊದಲು ನಿರ್ದಿಷ್ಟ ಕೌಂಟಿಗಳಿಗೆ ಮಾತ್ರ ಅನ್ವಯವಾಗುವಂತೆ ಪ್ರತ್ಯೇಕ ಉಪಬಂಧಗಳ ಮೂಲಕ ಜಾರಿಯಲ್ಲಿತ್ತು. 2022ರ ಡಿಸೆಂಬರ್ ತಿಂಗಳಲ್ಲಿ ಅಂಗೀಕೃತವಾದ ಕಾನೂನಿನ ಮೂಲಕ ಸ್ಥಿರಾಸ್ತಿ ತೆರಿಗೆ ಕಾನೂನಿನ 466-ಎ ಪ್ರಕರಣವನ್ನು ಮಾರ್ಪಡಿಸಿ, ರಾಜ್ಯದ ಎಲ್ಲಾ ಭಾಗಗಳ ಸ್ಥಳೀಯ ಸಂಸ್ಥೆಗಳಿಗೆ ಈ ಅಧಿಕಾರವನ್ನು ನೀಡಲಾಯಿತು.

ರಾಜ್ಯದ ಕಾನೂನು ವಿನಾಯಿತಿಯನ್ನು ನೇರವಾಗಿ ಮಂಜೂರು ಮಾಡುವುದಿಲ್ಲ. ಅನುಮತಿಯನ್ನು ಮಾತ್ರ ನೀಡುತ್ತದೆ. ಕೌಂಟಿ, ನಗರ, ಟೌನ್, ವಿಲೇಜ್, ಶಾಲಾ ಜಿಲ್ಲೆ ಹಾಗೂ ಅಗ್ನಿಶಾಮಕ ಜಿಲ್ಲೆಗಳು ಪ್ರತ್ಯೇಕವಾಗಿ ತೆರಿಗೆ ವಿಧಿಸುವ ಸಂಸ್ಥೆಗಳಾಗಿವೆ. ಇವುಗಳಲ್ಲಿ ಪ್ರತಿಯೊಂದೂ ಸಾರ್ವಜನಿಕ ಅಹವಾಲು ಸಭೆ ನಡೆಸಿ, ಸ್ಥಳೀಯ ಕಾನೂನು ಅಥವಾ ನಿರ್ಣಯವನ್ನು ಅಂಗೀಕರಿಸಿದ ನಂತರವೇ ಆ ಸಂಸ್ಥೆಯ ತೆರಿಗೆಗೆ ವಿನಾಯಿತಿ ದೊರೆಯುತ್ತದೆ. ಒಂದು ಸಂಸ್ಥೆಯ ನಿರ್ಣಯವು ಇನ್ನೊಂದು ಸಂಸ್ಥೆಯ ತೆರಿಗೆಗೆ ಅನ್ವಯವಾಗುವುದಿಲ್ಲ.

3. ಅರ್ಹತೆ

ವಿನಾಯಿತಿಗೆ ಈ ಕೆಳಕಂಡ ಷರತ್ತುಗಳನ್ನು ಪೂರೈಸತಕ್ಕದ್ದು:

(ಅ) ಅರ್ಜಿದಾರರು ನೋಂದಾಯಿತ ಸ್ವಯಂಸೇವಾ ಅಗ್ನಿಶಾಮಕ ಸಂಘ, ಅಗ್ನಿಶಾಮಕ ದಳ ಅಥವಾ ಸ್ವಯಂಸೇವಾ ಆಂಬುಲೆನ್ಸ್ ಸಂಸ್ಥೆಯ ಸದಸ್ಯರಾಗಿರಬೇಕು.
(ಆ) ಆ ಸಂಸ್ಥೆಯು ಸೇವೆ ಒದಗಿಸುವ ನಗರ, ಟೌನ್ ಅಥವಾ ವಿಲೇಜ್ ವ್ಯಾಪ್ತಿಯಲ್ಲಿ ವಾಸಿಸುತ್ತಿರಬೇಕು.
(ಇ) ಆಸ್ತಿಯು ಅರ್ಜಿದಾರರ ಪ್ರಧಾನ ವಾಸದ ಮನೆಯಾಗಿರಬೇಕು. ಒಂದು ಭಾಗವನ್ನು ಅಂಗಡಿ ಮುಂತಾದ ಅನ್ಯ ಉದ್ದೇಶಕ್ಕೆ ಬಳಸುತ್ತಿದ್ದಲ್ಲಿ ವಾಸದ ಭಾಗಕ್ಕೆ ಮಾತ್ರ ವಿನಾಯಿತಿ ಅನ್ವಯವಾಗುತ್ತದೆ.
(ಈ) ಸ್ಥಳೀಯ ಸಂಸ್ಥೆಯು ನಿಗದಿಪಡಿಸಿದ ಕನಿಷ್ಠ ಸೇವಾವಧಿಯನ್ನು ಪೂರೈಸಿ, ಅದಕ್ಕೆ ಪ್ರಮಾಣಪತ್ರ ಪಡೆದಿರಬೇಕು. ಈ ಅವಧಿಯು 2 ವರ್ಷಕ್ಕಿಂತ ಕಡಿಮೆ ಅಥವಾ 5 ವರ್ಷಕ್ಕಿಂತ ಹೆಚ್ಚು ಇರುವಂತಿಲ್ಲ.

4. ವಿನಾಯಿತಿಯ ಪ್ರಮಾಣ

ಮನೆಯ ನಿರ್ಧರಿತ ಮೌಲ್ಯದ ಗರಿಷ್ಠ ಶೇಕಡ 10ರಷ್ಟನ್ನು ತೆರಿಗೆಯಿಂದ ಹೊರಗಿಡಬಹುದಾಗಿದೆ. ವಿಶೇಷ ಸುಧಾರಣಾ ಶುಲ್ಕಗಳಿಗೆ ಈ ವಿನಾಯಿತಿ ಅನ್ವಯವಾಗುವುದಿಲ್ಲ.

ಉದಾಹರಣೆ: ಒಂದು ಮನೆಯ ನಿರ್ಧರಿತ ಮೌಲ್ಯ 3,00,000 ಡಾಲರ್ ಎಂದು ಭಾವಿಸೋಣ. ವಿನಾಯಿತಿ ಪಡೆಯುವ ಮೌಲ್ಯ 30,000 ಡಾಲರ್. ಪ್ರತಿ 1,000 ಡಾಲರ್ ಮೌಲ್ಯಕ್ಕೆ ತೆರಿಗೆಯ ದರವು ಶಾಲಾ ಜಿಲ್ಲೆಗೆ 15, ಕೌಂಟಿಗೆ 4, ಟೌನ್‌ಗೆ 3 ಹಾಗೂ ಅಗ್ನಿಶಾಮಕ ಜಿಲ್ಲೆಗೆ 1 ಡಾಲರ್ ಇದ್ದಲ್ಲಿ ಉಳಿತಾಯವು ಹೀಗಿರುತ್ತದೆ:

ಶಾಲಾ ಜಿಲ್ಲೆ: 450 ಡಾಲರ್
ಕೌಂಟಿ: 120 ಡಾಲರ್
ಟೌನ್: 90 ಡಾಲರ್
ಅಗ್ನಿಶಾಮಕ ಜಿಲ್ಲೆ: 30 ಡಾಲರ್
ಒಟ್ಟು: 690 ಡಾಲರ್

ಇದೇ ಮನೆಗೆ ಟೌನ್ ಮತ್ತು ಅಗ್ನಿಶಾಮಕ ಜಿಲ್ಲೆ ಮಾತ್ರ ನಿರ್ಣಯ ಅಂಗೀಕರಿಸಿದ್ದಲ್ಲಿ ಉಳಿತಾಯವು ಕೇವಲ 120 ಡಾಲರ್. ಸಾಮಾನ್ಯವಾಗಿ ನ್ಯೂಯಾರ್ಕ್ ನಗರದ ಹೊರಗಿನ ಪ್ರದೇಶಗಳಲ್ಲಿ ಶಾಲಾ ತೆರಿಗೆಯೇ ಅತಿ ದೊಡ್ಡ ಬಾಬತ್ತು ಆಗಿರುವುದರಿಂದ, ಶಾಲಾ ಜಿಲ್ಲೆಯ ತೀರ್ಮಾನವೇ ಸ್ವಯಂಸೇವಕರಿಗೆ ದೊರೆಯುವ ಪ್ರಯೋಜನವನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ.

ಸಂಗ್ರಹಿಸಬೇಕಾದ ಒಟ್ಟು ತೆರಿಗೆಯ ಮೊತ್ತವು ವಿನಾಯಿತಿಯಿಂದ ಕಡಿಮೆಯಾಗುವುದಿಲ್ಲ. ಬಿಟ್ಟುಕೊಟ್ಟ ಭಾಗವು ಇತರ ಆಸ್ತಿ ಮಾಲೀಕರಿಗೆ ಹಂಚಿಕೆಯಾಗುತ್ತದೆ. ಸಾರ್ವಜನಿಕ ಅಹವಾಲು ಸಭೆಯು ಈ ಮಾಲೀಕರಿಗೂ ತಮ್ಮ ಅಭಿಪ್ರಾಯ ತಿಳಿಸಲು ಅವಕಾಶ ನೀಡುತ್ತದೆ.

5. ದೀರ್ಘಕಾಲದ ಸೇವೆ ಹಾಗೂ ಕುಟುಂಬದವರ ಹಕ್ಕು

20 ವರ್ಷಕ್ಕಿಂತ ಹೆಚ್ಚು ಸಕ್ರಿಯ ಸೇವೆ ಸಲ್ಲಿಸಿ ಪ್ರಮಾಣಪತ್ರ ಪಡೆದ ಸದಸ್ಯರಿಗೆ, ಪ್ರಧಾನ ವಾಸದ ಮನೆಯು ಆಯಾ ವ್ಯಾಪ್ತಿಯಲ್ಲಿ ಇರುವವರೆಗೆ, ವಿನಾಯಿತಿಯನ್ನು ಜೀವಿತಾವಧಿಗೆ ಮುಂದುವರಿಸಲು ಅವಕಾಶವಿದೆ.

ಕರ್ತವ್ಯದ ಸಂದರ್ಭದಲ್ಲಿ ಮೃತಪಟ್ಟ ಸದಸ್ಯರ ಪತಿ ಅಥವಾ ಪತ್ನಿಗೆ, ಅವರು ಮರುವಿವಾಹವಾಗದಿದ್ದಲ್ಲಿ, ವಿನಾಯಿತಿಯನ್ನು ಮುಂದುವರಿಸಬಹುದು. ಇದಕ್ಕೆ ಮೃತರು ಕನಿಷ್ಠ 5 ವರ್ಷ ಸದಸ್ಯರಾಗಿದ್ದು, ಮರಣಕ್ಕೆ ಮುಂಚೆ ವಿನಾಯಿತಿಯನ್ನು ಪಡೆಯುತ್ತಿದ್ದಿರಬೇಕು. ಇತರ ಕಾರಣದಿಂದ ಮೃತಪಟ್ಟಲ್ಲಿ ಕನಿಷ್ಠ 20 ವರ್ಷಗಳ ಸೇವೆ ಅಗತ್ಯ. ಅರ್ಹರಿದ್ದೂ ಅರ್ಜಿಯನ್ನೇ ಸಲ್ಲಿಸದ ಸದಸ್ಯರು ಮೃತಪಟ್ಟಲ್ಲಿ ಮುಂದುವರಿಸಲು ಯಾವುದೇ ವಿನಾಯಿತಿ ಇರುವುದಿಲ್ಲ. ಮೊತ್ತವು ಅಲ್ಪವೆಂದು ಅರ್ಜಿಯನ್ನು ಮುಂದೂಡುವ ಸದಸ್ಯರು ಈ ಅಂಶವನ್ನು ವಿಶೇಷವಾಗಿ ಗಮನಿಸಬೇಕು.

6. ಅರ್ಜಿ ಸಲ್ಲಿಸುವ ವಿಧಾನ

ವಿನಾಯಿತಿಯು ತಾನಾಗಿಯೇ ದೊರೆಯುವುದಿಲ್ಲ. ನಿಗದಿತ ನಮೂನೆಯ ಅರ್ಜಿಯನ್ನು ಸ್ಥಳೀಯ ತೆರಿಗೆ ನಿರ್ಧರಣಾ ಅಧಿಕಾರಿಗೆ, ತೆರಿಗೆ ಸ್ಥಿತಿ ನಿರ್ಧಾರ ದಿನಾಂಕದಂದು ಅಥವಾ ಅದಕ್ಕೆ ಮುಂಚೆ, ಸಲ್ಲಿಸತಕ್ಕದ್ದು. ಬಹುತೇಕ ಟೌನ್‌ಗಳಲ್ಲಿ ಈ ದಿನಾಂಕವು ಮಾರ್ಚ್ 1. ನಗರ ಮತ್ತು ಇತರ ಕೆಲವು ಸಂಸ್ಥೆಗಳಲ್ಲಿ ಬೇರೆಯಾಗಿರುತ್ತದೆ. ಸೇವಾ ಪ್ರಮಾಣಪತ್ರದ ವಿಧಾನವನ್ನು ಸ್ಥಳೀಯ ಸಂಸ್ಥೆಯೇ ಗೊತ್ತುಪಡಿಸುತ್ತದೆ.

7. ಇತರ ರಾಜ್ಯ ಹಾಗೂ ಕೇಂದ್ರ ಕಾನೂನು

ನೆರೆಯ ಕನೆಕ್ಟಿಕಟ್ ರಾಜ್ಯದಲ್ಲಿ ಮೌಲ್ಯದ ಶೇಕಡಾವಾರು ಲೆಕ್ಕದ ಬದಲು ತೆರಿಗೆಯಲ್ಲಿಯೇ ನಿರ್ದಿಷ್ಟ ಮೊತ್ತವನ್ನು ಕಡಿತಗೊಳಿಸಲು ಸ್ಥಳೀಯ ಸಂಸ್ಥೆಗಳಿಗೆ ಅವಕಾಶವಿದೆ. ಮೊದಲು 1,000 ಡಾಲರ್ ಇದ್ದ ವಾರ್ಷಿಕ ಗರಿಷ್ಠ ಮಿತಿಯನ್ನು 2019ರಲ್ಲಿ 1,500 ಡಾಲರ್‌ಗೂ 2021ರಲ್ಲಿ 2,000 ಡಾಲರ್‌ಗೂ ಹೆಚ್ಚಿಸಲಾಯಿತು. ಅಗ್ನಿಶಾಮಕರಲ್ಲದೆ ತುರ್ತು ವೈದ್ಯಕೀಯ ತಂತ್ರಜ್ಞರು, ಪ್ಯಾರಾಮೆಡಿಕ್‌ಗಳು ಹಾಗೂ ಆಂಬುಲೆನ್ಸ್ ಚಾಲಕರೂ ಇದರ ವ್ಯಾಪ್ತಿಗೆ ಬರುತ್ತಾರೆ.

ಸ್ಥಳೀಯವಾಗಿ ದೊರೆತ ಇಂತಹ ತೆರಿಗೆ ರಿಯಾಯಿತಿಯನ್ನು ಸ್ವಯಂಸೇವಕರ ಆದಾಯವೆಂದು ಪರಿಗಣಿಸಿ ಕೇಂದ್ರ ವರಮಾನ ತೆರಿಗೆ ವಿಧಿಸದಂತೆ ಮಾಡಿದ ಉಪಬಂಧವನ್ನು 2020ರ ಡಿಸೆಂಬರ್‌ನಲ್ಲಿ ಶಾಶ್ವತಗೊಳಿಸಲಾಯಿತು.

8. ಸೂಚನೆ

ಈ ವಿವರಗಳು ಸಾಮಾನ್ಯ ಮಾಹಿತಿಗಾಗಿ ಮಾತ್ರ; ಕರ್ನಾಟಕದ ಆಸ್ತಿ ತೆರಿಗೆಗೆ ಇವು ಅನ್ವಯಿಸುವುದಿಲ್ಲ. ನ್ಯೂಯಾರ್ಕ್ ರಾಜ್ಯದಲ್ಲಿ ನೆಲೆಸಿ ಸ್ವಯಂಸೇವೆ ಸಲ್ಲಿಸುತ್ತಿರುವವರು ಮೊದಲಿಗೆ ತಮ್ಮ ತೆರಿಗೆ ಬಿಲ್ಲಿನಲ್ಲಿ ನಮೂದಾಗಿರುವ ಎಲ್ಲಾ ಸಂಸ್ಥೆಗಳನ್ನು ಪಟ್ಟಿ ಮಾಡಿ, ಯಾವ ಯಾವ ಸಂಸ್ಥೆಗಳು ನಿರ್ಣಯ ಅಂಗೀಕರಿಸಿವೆ ಎಂಬುದನ್ನು ತೆರಿಗೆ ನಿರ್ಧರಣಾ ಅಧಿಕಾರಿಯಿಂದ ಖಚಿತಪಡಿಸಿಕೊಂಡು ಅರ್ಜಿ ಸಲ್ಲಿಸುವುದು ಸೂಕ್ತ.