ಫ್ರಾಂಕ್ಲಿನ್ನನ ಹಲಗೆ, ನೇತ್ರಾಣಿಯ ಫಿನ್ಸ್

ಬಾವಿಯಲ್ಲಿ ಈಜು ಕಲಿತ ನಮ್ಮ ಹಿರಿಯರಿಗೆ ತೇಲಿಸುವ ಸಾಧನವೇನೂ ಹೊಸದಾಗಿರಲಿಲ್ಲ. ಒಣಗಿದ ಸೋರೆ ಬುರುಡೆಯನ್ನೋ ಬೆಂಡನ್ನೋ ಬೆನ್ನಿಗೆ ಕಟ್ಟಿ ಮಕ್ಕಳನ್ನು ನೀರಿಗೆ ಬಿಡುತ್ತಿದ್ದರು. ಬಾವಿಯ ಅಗಲಕ್ಕೆ ಅಷ್ಟು ಸಾಕು. ವೇಗ ಬೇಕೆನಿಸುವುದು ನೀರು ವಿಶಾಲವಾದಾಗ.

ಹದಿನೆಂಟನೇ ಶತಮಾನದ ಆರಂಭದಲ್ಲಿ ಬಾಸ್ಟನ್ನಿನ ಹುಡುಗ ಬೆಂಜಮಿನ್ ಫ್ರಾಂಕ್ಲಿನ್‌ಗೆ ಹಾಗೆ ಅನಿಸಿತು. ಸುಮಾರು ಹತ್ತು ಇಂಚು ಉದ್ದ, ಆರು ಇಂಚು ಅಗಲದ ಎರಡು ಮರದ ಹಲಗೆಗಳಿಗೆ ಹೆಬ್ಬೆರಳ ತೂತು ಕೊರೆದು ಕೈಗೆ ಹಿಡಿದ. ಪಾದಗಳಿಗೂ ಅಂಥದೇ ಪಾದುಕೆ ಕಟ್ಟಿದ. ವೇಗ ಹೆಚ್ಚಿತು, ಆದರೆ ಮಣಿಕಟ್ಟು ಸೋತಿತು. ಪಾದುಕೆಯಂತೂ ಹಿಡಿಸಲೇ ಇಲ್ಲ: ಈಜುವಾಗ ನೀರನ್ನು ತಳ್ಳುವುದು ಅಂಗಾಲು ಮಾತ್ರವಲ್ಲ, ಪಾದದ ಒಳಬದಿ ಮತ್ತು ಹರಡು ಕೂಡ ಎಂದು ಅವನು ಮುಂದೆ ಪತ್ರವೊಂದರಲ್ಲಿ ಬರೆದ. ಇವತ್ತು ಅಂಗಡಿಯಲ್ಲಿ ಫಿನ್ಸ್ ಬಗ್ಗಿಸಿ ನೋಡುವವನ ಪ್ರಶ್ನೆಯೂ ಇದೇ. ಬಾಗದ ಹಲಗೆ ನೀರನ್ನು ಜೋರಾಗಿ ತಳ್ಳುತ್ತದೆ, ಆದರೆ ಅದರ ಬೆಲೆಯನ್ನು ಕೀಲು, ಸ್ನಾಯುಗಳು ತೆರಬೇಕು.

ಬಾಗುವ ವಸ್ತು ಬಂದದ್ದು ರಬ್ಬರಿನೊಂದಿಗೆ. ಫ್ರೆಂಚ್ ನೌಕಾಪಡೆಯಲ್ಲಿದ್ದ ಲೂಯಿ ದ ಕೊರ್ಲ್ಯೂ 1933ರಲ್ಲಿ ಪೇಟೆಂಟ್ ಪಡೆದ. 1932ರ ಒಲಿಂಪಿಕ್ಸ್‌ನ ಹಾಯಿದೋಣಿ ಸ್ಪರ್ಧೆಯಲ್ಲಿ ಚಿನ್ನ ಗೆದ್ದಿದ್ದ ಓವನ್ ಚರ್ಚಿಲ್ 1940ರ ಹೊತ್ತಿಗೆ ಅವನ್ನು ಅಮೆರಿಕದ ಪೇಟೆಗೆ ತಂದ. ಎರಡನೇ ಮಹಾಯುದ್ಧ ಅವನ್ನು ಸೈನಿಕರ ಕಾಲಿಗೆ ತೊಡಿಸಿತು. 1943ರಲ್ಲಿ ಕುಸ್ಟೋ ಮತ್ತು ಗಾನ್ಯಾನ್ ಉಸಿರಾಟದ ಅಕ್ವಾ-ಲಂಗ್ ರೂಪಿಸಿದ ಮೇಲೆ ಫಿನ್ಸ್‌ಗೆ ಹೊಸ ಹೊಣೆ ಬಂತು. ಬೆನ್ನ ಮೇಲಿನ ಸಿಲಿಂಡರ್ ಹೊತ್ತು ಸಾಗಬೇಕು, ಅದರಲ್ಲಿರುವ ಗಾಳಿಯನ್ನೂ ಉಳಿಸಬೇಕು. ಅತಿ ಗಟ್ಟಿ ಫಿನ್ಸ್‌ನಿಂದ ಮೀನಖಂಡ ಹಿಡಿದುಕೊಂಡರೆ ಉಸಿರು ಏರುತ್ತದೆ, ಗಾಳಿ ಬೇಗ ಮುಗಿಯುತ್ತದೆ.

1964ರಲ್ಲಿ ಮಾರ್ಸೇಯ ಜಾರ್ಜ್ ಬ್ಯೂಷಾ ತಂದ ಜೆಟ್‌ಫಿನ್‌ನಲ್ಲಿ ನೀರು ಹಾಯಲು ಕಿಂಡಿಗಳಿದ್ದವು. ದಪ್ಪ ರಬ್ಬರಿನ ಆ ಫಿನ್ ನೀರಲ್ಲಿ ಬಿಟ್ಟರೆ ಮುಳುಗುತ್ತದೆ. ತಣ್ಣೀರಿನ ದೇಶಗಳಲ್ಲಿ ಗಾಳಿ ತುಂಬಿದ ಡ್ರೈಸೂಟ್ ತೊಟ್ಟವರ ಕಾಲು ಮೇಲಕ್ಕೇಳುತ್ತದೆ. ಅವರಿಗೆ ಆ ಭಾರವೇ ವರ. ನಮ್ಮ ಬೆಚ್ಚಗಿನ ಕಡಲಲ್ಲಿ, ತೆಳು ಸೂಟಿನಲ್ಲಿ, ಅದೇ ಭಾರ ಕಾಲನ್ನು ಕೆಳಗೆಳೆಯುತ್ತದೆ. ಕಾಲು ಜೋತರೆ ತಳದ ಮರಳು ಕದಡುತ್ತದೆ, ಹವಳಕ್ಕೆ ಪೆಟ್ಟು ಬೀಳುತ್ತದೆ. ಹೆಸರಾಂತ ಫಿನ್ ಎಂಬ ಒಂದೇ ಕಾರಣಕ್ಕೆ ಜೆಟ್‌ಫಿನ್ ಕೊಳ್ಳುವುದು ನನಗಂತೂ ಸರಿ ಕಾಣುವುದಿಲ್ಲ.

ಈಗ ಯಲಹಂಕ, ಹೆಬ್ಬಾಳಗಳ ಕಡೆಗೆ ಬರೋಣ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ಊರಿನವರು ಈಜುಕೊಳದ ಸಿಹಿನೀರಲ್ಲಿ ಕಲಿತು, ಯಶವಂತಪುರದಲ್ಲಿ ಕಾರವಾರದ ರೈಲು ಹತ್ತಿ, ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಬಹುದು. ಕಡಲ ನೀರು ಸಿಹಿನೀರಿಗಿಂತ ಶೇ. 2.5ರಷ್ಟು ಸಾಂದ್ರ. ಹಾಗಾಗಿ 90 ಲೀಟರ್ ಜಾಗ ಹಿಡಿಯುವ ಮುಳುಗುಗಾರ ಅಲ್ಲಿ ಎರಡು ಕಿಲೋಗಿಂತ ಹೆಚ್ಚು ಹಗುರವಾಗುತ್ತಾನೆ. ಸೊಂಟಕ್ಕೆ ಅಷ್ಟು ಸೀಸ ಸೇರಿಸಲೇಬೇಕು. ಒಂದು ಲೀಟರ್ ಗಾತ್ರದ ಫಿನ್‌ಗಾಗುವ ವ್ಯತ್ಯಾಸ ಬರೀ 25 ಗ್ರಾಂ. ಕೊಳದಲ್ಲಿ ಮುಳುಗಿದ ಭಾರದ ಫಿನ್ ನೇತ್ರಾಣಿಯಲ್ಲೂ ಮುಳುಗುತ್ತದೆ. ಆದ್ದರಿಂದ ಕೊಳ್ಳುವ ಮೊದಲು ಒಂದು ಜೋಡಿ ಎರವಲು ತಂದು, ಕೊಳದಲ್ಲಿ ಕಾಲು ಅಲುಗಿಸದೆ ಅಡ್ಡಲಾಗಿ ನಿಂತು ನೋಡಬಹುದು: ಕಾಲು ಇಳಿಯುತ್ತದೋ, ಏಳುತ್ತದೋ, ಇದ್ದಲ್ಲೇ ಇರುತ್ತದೋ.