ಬಾಣಂತಿಯ ಜ್ವರ, ವೈದ್ಯನ ಕೈ

ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎಂಬ ಮಾತು ನಮ್ಮಲ್ಲಿದೆ. ಮಗು ಹುಟ್ಟಿದ ಮೂರು ನಾಲ್ಕು ದಿನಗಳಲ್ಲಿ ಜ್ವರವೇರಿ ಬಾಣಂತಿ ಬಡಬಡಿಸತೊಡಗಿದರೆ, ಅದನ್ನು ಸನ್ನಿಯೆಂದು ಕರೆದು ದೈವದ ಮೇಲೆ ಭಾರ ಹಾಕುತ್ತಿದ್ದ ಕಾಲವೊಂದಿತ್ತು. ಆ ಜ್ವರ ಎಷ್ಟೋ ಸಲ ನೆರವಿಗೆ ಬಂದ ಕೈಯಿಂದಲೇ ಬರುತ್ತಿತ್ತೆಂಬುದು ತಿಳಿದದ್ದು ತಡವಾಗಿ.

1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್, ಶವಪರೀಕ್ಷೆ ಮುಗಿಸಿ ಬಂದವರು ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆಯಬೇಕೆಂದು ವಿಧಿಸಿದನು. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಬಾಣಂತಿಯರ ಸಾವು ಜೂನ್‌ನಲ್ಲಿ ಸುಮಾರು 2ಕ್ಕೆ ಇಳಿಯಿತು. ಆದರೂ ಅನೇಕ ವೈದ್ಯರು ಅವನ ಮಾತನ್ನು ಒಪ್ಪಲಿಲ್ಲ. ತನ್ನ ಕೈಯೇ ಕೊಂದಿತೆಂದು ಒಪ್ಪಿಕೊಳ್ಳುವುದು ಯಾರಿಗೂ ಸುಲಭವಲ್ಲ.

ಹೊಟ್ಟೆ ಕೊಯ್ದು ಮಗುವನ್ನು ತೆಗೆಯುವ ಸಿಸೇರಿಯನ್ನಿನಲ್ಲಿ ನಂಜಿನ ಭಯ ಇನ್ನೂ ಹೆಚ್ಚು. 1876ರಲ್ಲಿ ಇಟಲಿಯ ಪಾವಿಯಾದಲ್ಲಿ ಎಡ್ವಾರ್ಡೊ ಪೋರೊ, ರಕ್ತಸ್ರಾವಕ್ಕೂ ನಂಜಿಗೂ ಅಂಜಿ, ಮಗುವನ್ನು ತೆಗೆದ ಮೇಲೆ ಗರ್ಭಕೋಶವನ್ನೂ ತೆಗೆದುಹಾಕಿದನು. ತಾಯಿ ಬದುಕಿದಳು, ಆದರೆ ಮತ್ತೆ ತಾಯಾಗುವ ಆಸೆ ಅಲ್ಲಿಗೇ ಮುಗಿಯಿತು. 1882ರಲ್ಲಿ ಜರ್ಮನಿಯ ಮ್ಯಾಕ್ಸ್ ಸಾಂಗರ್ ಗರ್ಭಕೋಶವನ್ನು ಉಳಿಸಿ ಹೊಲಿಯುವ ಕ್ರಮವನ್ನು ಪ್ರತಿಪಾದಿಸಿದನು.

1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮೈಸೂರು ವೈದ್ಯಕೀಯ ಕಾಲೇಜು 1930ರಲ್ಲಿ ನಮ್ಮೂರಿಗೆ ಬಂದಾಗ ಸಲ್ಫಾ ಔಷಧಗಳಿರಲಿಲ್ಲ. ಪೆನಿಸಿಲಿನ್ ವೈದ್ಯರ ಬಳಕೆಗೆ ಬಂದಿರಲಿಲ್ಲ. ಕುದಿಸಿದ ಉಪಕರಣ, ಶುಚಿಯಾದ ಬಟ್ಟೆ, ತೊಳೆದ ಕೈ, ಇವೇ ಆಗಿನ ರಕ್ಷೆ. ಔಷಧಗಳು ಬಂದ ಮೇಲೂ ಅವನ್ನು ಯಾವಾಗ ಕೊಡಬೇಕೆಂಬ ಪ್ರಶ್ನೆ ಉಳಿಯಿತು. ಮಗುವಿಗೆ ಸೇರಬಾರದೆಂದು ಹೊಕ್ಕುಳಬಳ್ಳಿ ಕತ್ತರಿಸಿದ ನಂತರ ಚುಚ್ಚುಮದ್ದು ಕೊಡುವ ರೂಢಿಯಿತ್ತು. ಕೊಯ್ಯುವುದಕ್ಕೆ ಮೊದಲೇ ಕೊಟ್ಟರೆ ತಾಯಿಗೆ ನಂಜು ಕಡಿಮೆಯೆಂದು ಅಧ್ಯಯನಗಳು ತೋರಿಸಿದವು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಹಾಗೆಯೇ ಸಲಹೆ ಮಾಡಿತು.

2019–20ರ ಸುಮಾರಿಗೆ ಕರ್ನಾಟಕದಲ್ಲಿ ನೂರು ಹೆರಿಗೆಗಳಲ್ಲಿ ಸುಮಾರು ಮೂವತ್ತು ಸಿಸೇರಿಯನ್ ಆಗಿದ್ದವು. ಚೆಲುವಾಂಬ ಆಸ್ಪತ್ರೆಯ ಹೊರಗೆ ಕಾದು ಕುಳಿತ ಮನೆಯವರು ಒಳಗಿನಿಂದ ಬಂದ ದಾದಿಯನ್ನು ಕೇಳುವುದು ಒಂದೇ ಮಾತು: ‘ತಾಯಿ, ಮಗು ಕ್ಷೇಮವೇ?’ ಮಗುವಿನ ಅಳು ಕೇಳಿದ ಮಾತ್ರಕ್ಕೆ ತಾಯಿಯ ವಿಷಯದಲ್ಲಿ ಪೂರ್ತಿ ಉತ್ತರ ಸಿಕ್ಕಂತಾಗಲಿಲ್ಲ. ಮನೆಗೆ ಬಂದ ಮೇಲೆ ಚಳಿಜ್ವರ, ಗಾಯದಲ್ಲಿ ಕೀವು, ಸ್ರಾವದಲ್ಲಿ ದುರ್ವಾಸನೆ ಕಂಡರೆ, ಬಾಣಂತನದಲ್ಲಿ ಇದೆಲ್ಲ ಸಹಜವೆಂದು ಸುಮ್ಮನಿರದೆ ಅವಳನ್ನು ಆಸ್ಪತ್ರೆಗೆ ಕರೆದೊಯ್ಯಬೇಕು. ವೈದ್ಯನ ಕೈ ಶುಚಿಯಾಗಲು ಇಷ್ಟು ವರ್ಷ ಬೇಕಾಯಿತು. ಮನೆಯವರ ಕಣ್ಣು ಎಚ್ಚರವಾಗಿರಲು ಅಷ್ಟು ಕಾಲ ಬೇಡ.